ಲೋಣಾರದ ಕ್ಷಾರಸರೋವರ

ಸಾಬೂನಿನ ಬಿಲ್ಲೆ ಮನೆಮನೆಗೂ ಬರುವ ಮುನ್ನ ನಮ್ಮ ಕಡೆಯ ಅಗಸರು ಬಟ್ಟೆಯ ಕೊಳೆ ತೆಗೆಯಲು ಚೌಳುಮಣ್ಣನ್ನು ಹೊತ್ತು ತರುತ್ತಿದ್ದುದು ವಾಚಕರಲ್ಲಿ ಹಿರಿಯರಾದವರಿಗೆ ನೆನಪಿರಬಹುದು. ನೀರಿನಲ್ಲಿ ಕಲಸಿದರೆ ಕೈಗೆ ನುಣುಪಾಗಿ ಜಾರುವ ಆ ಗುಣವೇ ಕ್ಷಾರಗುಣ. ಅದು ಒಂದು ಸರೋವರವನ್ನೇ ತುಂಬಿಕೊಂಡಿರುವ ಸ್ಥಳವೊಂದುಂಟು. ಅದೇ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ. ಕರಿಕಲ್ಲಿನ ನೆಲದಲ್ಲಿ ಸುಮಾರು 1.8 ಕಿಲೋಮೀಟರು ಅಗಲದ ದುಂಡನೆಯ ಕುಳಿ. ಅದರ ತಳದಲ್ಲಿ ಹಸಿರು ನೀರು.

ಸಂಸ್ಕೃತದ 'ಲವಣ'ವು ಪ್ರಾಕೃತದಲ್ಲಿ 'ಲೋಣ'ವಾಗುತ್ತದೆ. ಊರಿನ ಹೆಸರೇ ಉಪ್ಪನ್ನು ಸಾರುತ್ತಿದೆಯೆಂದು ನನ್ನಂಥ ವ್ಯಾಕರಣದವನಿಗೆ ತೋರಿದರೆ ಆಶ್ಚರ್ಯವಿಲ್ಲ. ಸ್ಥಳಪುರಾಣವಾದರೋ ಲವಣಾಸುರನೆಂಬ ದೈತ್ಯನನ್ನು ವಿಷ್ಣುವು ಇಲ್ಲಿ ಸಂಹರಿಸಿದನೆಂದೂ ನೀರು ಅವನ ರಕ್ತವೆಂದೂ ಉಪ್ಪು ಅವನ ಮಾಂಸವೆಂದೂ ಹೇಳುತ್ತದೆ. ಊರೊಳಗಿನ ದೈತ್ಯಸೂದನ ದೇವಾಲಯಕ್ಕೆ ಆ ಹೆಸರು ಬಂದುದು ಈ ಕಥೆಯಿಂದಲೇ.

ಪುರಾಣಿಕನ ಕಣ್ಣು ಒಂದಾದರೆ ಕಂದಾಯದವನ ಕಣ್ಣು ಇನ್ನೊಂದು. 16ನೆಯ ಶತಮಾನದ ಕೊನೆಯಲ್ಲಿ ಅಬುಲ್ ಫಜಲನು ರಚಿಸಿದ 'ಐನ್-ಇ-ಅಕ್ಬರಿ'ಯು ಕ್ಷೇತ್ರದ ಪಾವಿತ್ರ್ಯವನ್ನು ಹೇಳಿ, ಗಾಜಿಗೂ ಸಾಬೂನಿಗೂ ಬೇಕಾದ ಸಾಮಗ್ರಿ ಇಲ್ಲಿ ದೊರೆಯುವುದೆಂದೂ ಅದರಿಂದ ಒಳ್ಳೆಯ ಆದಾಯವಿದೆಯೆಂದೂ ಕೂಡಲೇ ಸೇರಿಸುತ್ತದೆ! ಆ ಸಾಮಗ್ರಿಯೆಂದರೆ ಸೋಡಾ. ಮರಳಿನೊಡನೆ ಕಾಸಿದರೆ ಗಾಜು, ಎಣ್ಣೆಯೊಡನೆ ಕುದಿಸಿದರೆ ಸಾಬೂನು. ಬೇಸಿಗೆಯಲ್ಲಿ ನೀರು ಹಿಂಜರಿದಾಗ ದಡದಲ್ಲಿ ಕಟ್ಟುವ ಹರಳನ್ನು ಜನ ಎತ್ತಿ ಮಾರುತ್ತಿದ್ದರು. ದಲ್ಲಾ, ಪಾಪಡಿ, ಖುಪ್ಪಲ್ ಎಂದು ಅದರಲ್ಲೂ ತರತಮದ ಹೆಸರುಗಳು.

1823ರಲ್ಲಿ ಅಲೆಕ್ಸಾಂಡರ್ ಎಂಬ ಬ್ರಿಟಿಷ್ ಅಧಿಕಾರಿ ಈ ಸ್ಥಳವನ್ನು ಗುರುತಿಸಿದ ಮೇಲೆ, ಇದು ಆರಿದ ಜ್ವಾಲಾಮುಖಿಯೆಂಬ ಮಾತು ಬಹುಕಾಲ ನಡೆಯಿತು. ಆಕಾಶದಿಂದ ಬಿದ್ದ ಕಾಯದ ಪೆಟ್ಟೇ ಕಾರಣವೆಂದು ಆಘಾತಕ್ಕೆ ಸಿಕ್ಕಿ ಗಾಜಿನಂತಾದ ಖನಿಜದ ಸಾಕ್ಷ್ಯದಿಂದ ಸ್ಥಿರಪಟ್ಟದ್ದು 1973ರಲ್ಲಿ.

ಆದರೆ ಪೆಟ್ಟು ಕುಳಿಯನ್ನು ತೋಡಿತೇ ಹೊರತು ಉಪ್ಪನ್ನು ಸುರಿಯಲಿಲ್ಲ. ಈ ಪಾಠ ಹೇಳುವಾಗ ನನ್ನ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಸಾರ್, ಧಾರಾ ತೀರ್ಥದ ಸಿಹಿನೀರು ನಿತ್ಯವೂ ಅದರೊಳಕ್ಕೆ ಇಳಿಯುತ್ತದಲ್ಲ, ಸರೋವರ ಸಿಹಿಯಾಗಬೇಡವೆ?" ಎಂದ. ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರಕ್ಕೆ ನಾನು ಒಂದು ವಾರ ತೆಗೆದುಕೊಂಡೆನೆಂದು ಒಪ್ಪಿಕೊಳ್ಳುತ್ತೇನೆ.

ಸಿಹಿನೀರೆಂಬುದು ನಾಲಗೆಯ ತೀರ್ಪು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿ ಕರಿಕಲ್ಲನ್ನು ಸವೆಸುತ್ತ, ಕ್ಯಾಲ್ಸಿಯಂ, ಸೋಡಿಯಂ, ಬೈಕಾರ್ಬೊನೇಟುಗಳನ್ನು ನಾಲಗೆಗೆ ತಿಳಿಯದಷ್ಟು ಹೊತ್ತು ತರುತ್ತದೆ. ಕುಳಿಗೆ ಕೋಡಿಯಿಲ್ಲ. ಬಿಸಿಲು ನೀರನ್ನು ಒಯ್ಯುವುದು, ಉಪ್ಪನ್ನು ಒಯ್ಯದು. ನೀರು ಗಟ್ಟಿಯಾದಂತೆ ಕ್ಯಾಲ್ಸಿಯಂ ಮೊದಲು ಸುಣ್ಣಕಲ್ಲಾಗಿ ತಳ ಸೇರುತ್ತದೆ, ಹೋಗುವಾಗ ಕಾರ್ಬೊನೇಟನ್ನೂ ಜೊತೆಗೆ ಕರೆದೊಯ್ಯುತ್ತದೆ. ಇಲ್ಲಿಯೇ ಕವಲು. ಕ್ಯಾಲ್ಸಿಯಂ ಹೆಚ್ಚಿದ್ದರೆ ಕಾರ್ಬೊನೇಟು ಮುಗಿದುಹೋಗಿ ಬರಿಯ ಉಪ್ಪುನೀರು ಉಳಿಯುತ್ತದೆ. ಬೈಕಾರ್ಬೊನೇಟು ಹೆಚ್ಚಿದ್ದರೆ ಕ್ಯಾಲ್ಸಿಯಮ್ಮೇ ಮೊದಲು ತೀರಿ, ಮಿಕ್ಕ ಕಾರ್ಬೊನೇಟು ಸೋಡಿಯಂನೊಡನೆ ನೀರಿನಲ್ಲೇ ನಿಲ್ಲುತ್ತದೆ. ಅದೇ ಸೋಡಾ. ಬುಗ್ಗೆಯ ನೀರಿನಲ್ಲಿದ್ದ ಕಿಂಚಿತ್ ಹೆಚ್ಚಳವೇ ಸರೋವರದ ಜಾತಿಯನ್ನು ನಿರ್ಣಯಿಸಿಬಿಟ್ಟಿತು. ಹಾರ್ಡಿ, ಯೂಗ್‌ಸ್ಟರ್ ಎಂಬಿಬ್ಬರು 1970ರಲ್ಲಿ ಈ ಕವಲನ್ನು ವಿಶದಪಡಿಸಿದರು. ಲೋಣಾರದ ನೀರಿನ ಪಿಎಚ್ ಮಾನ ಸುಮಾರು 10, ಶುದ್ಧಜಲದ್ದು 7. ಒಂದೊಂದು ಅಂಕಿಗೂ ಹತ್ತುಪಟ್ಟೆಂಬ ಲೆಕ್ಕದಲ್ಲಿ ಕ್ಷಾರತೆ ಸಾವಿರ ಮಡಿ.

ಆದುದರಿಂದ, ಹುಡುಗನಿಗೆ ನಾನು ಹೇಳಿದ್ದಿಷ್ಟು: ಧಾರೆ ಸರೋವರವನ್ನು ಸಿಹಿ ಮಾಡುತ್ತಿಲ್ಲ, ಅದೇ ಅದಕ್ಕೆ ಉಪ್ಪನ್ನು ಉಣಿಸುತ್ತಿದೆ.

2020ರ ಜೂನ್‌ನಲ್ಲಿ ಈ ನೀರು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಅಸುರರಕ್ತದ ಕಥೆ ಹಲವರಿಗೆ ನೆನಪಾಗಿರಬೇಕು. ಪುಣೆಯ ಅಘಾರ್ಕರ್ ಸಂಶೋಧನ ಸಂಸ್ಥೆಯವರು ಪರೀಕ್ಷಿಸಿದಾಗ, ನೀರು ಇಂಗಿ ಉಪ್ಪು ಹೆಚ್ಚಿದ್ದರಿಂದ ಉಪ್ಪನ್ನೇ ಬಯಸುವ ಸೂಕ್ಷ್ಮಜೀವಿಗಳು ವೃದ್ಧಿಸಿ ಬಣ್ಣ ಕೊಟ್ಟಿದ್ದುವೆಂದು ತಿಳಿದುಬಂತು. ಪಾತ್ರೆಯಲ್ಲಿಟ್ಟ ಗುಲಾಬಿ ನೀರು ಕೆಲವು ದಿನಗಳಲ್ಲಿ ತಿಳಿಯಾಯಿತು. ಬಣ್ಣವೆಲ್ಲ ತಳಕ್ಕೆ ಇಳಿದಿತ್ತು.