ಮುಖಪುಟದ ಹೆಸರುಗಳು

ಪುಸ್ತಕ ಕೈಗೆತ್ತಿಕೊಂಡಾಗ ನಾವು ಲೇಖಕರ ಹೆಸರು ನೋಡುತ್ತೇವೆ. ಆದರೆ ಆ ಬರಹದ ಹಿಂದೆ ಎಷ್ಟು ಜನರ ದುಡಿಮೆಯಿದೆ ಎಂದು ಕೇಳುವುದು ಕಡಿಮೆ. ಭಾರತದ ರಾಜಕೀಯವನ್ನು ಅರ್ಧ ಶತಮಾನ ಜೊತೆಯಾಗಿ ಅಧ್ಯಯನ ಮಾಡಿದ ಅಮೆರಿಕದ ದಂಪತಿ ಲಾಯ್ಡ್ ಮತ್ತು ಸುಸಾನ್ ರುಡಾಲ್ಫ್ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತಾರೆ.

ಸುಸಾನ್ 1930ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. ನಾಜಿ ಆಡಳಿತದಿಂದ ಪಾರಾಗಿ ಅವರ ಕುಟುಂಬ ಅಮೆರಿಕ ಸೇರಿತು. 1956ರಲ್ಲಿ ದಂಪತಿಗಳು ಲಂಡನ್ನಿನಿಂದ ಲ್ಯಾಂಡ್ ರೋವರ್ ವಾಹನದಲ್ಲಿ ರಸ್ತೆ ಮಾರ್ಗವಾಗಿಯೇ ಭಾರತಕ್ಕೆ ಬಂದರು. ಆಧುನಿಕತೆ ಬಂದಂತೆ ಜಾತಿ ತಾನಾಗಿ ಕರಗುತ್ತದೆಂದು ಆಗ ಅನೇಕ ವಿದ್ವಾಂಸರು ನಂಬಿದ್ದರು. ಆದರೆ ಜಾತಿ ಸಂಘಗಳೇ ಸಾಮಾನ್ಯರನ್ನು ಪ್ರಜಾಪ್ರಭುತ್ವದ ಅಂಗಳಕ್ಕೆ ಕರೆತರುತ್ತಿವೆ ಎಂದು ಇವರಿಬ್ಬರೂ 1960ರ ಜಂಟಿ ಲೇಖನದಲ್ಲಿ ವಾದಿಸಿದರು. 1967ರ 'ದಿ ಮಾಡರ್ನಿಟಿ ಆಫ್ ಟ್ರೆಡಿಷನ್' ಆ ವಾದವನ್ನು ಬೆಳೆಸಿತು.

ಈ ಸಹಬರವಣಿಗೆ ಗಂಡ ಹೆಂಡತಿಗಷ್ಟೇ ಸೀಮಿತವಾಗಲಿಲ್ಲ. ರಜಪೂತ ಸರದಾರ ಅಮರ್ ಸಿಂಗ್ 1898ರಿಂದ 1942ರವರೆಗೆ ಬರೆದ ದಿನಚರಿಯನ್ನು ಜತನ ಮಾಡಿದವರು ಅವರ ವಾರಸುದಾರ ಮೋಹನ್ ಸಿಂಗ್ ಕಾನೋತ. ಅದರ ಆಯ್ದ ಭಾಗ ಪುಸ್ತಕವಾದಾಗ ದಂಪತಿಗಳ ಜೊತೆ ಮೋಹನ್ ಸಿಂಗರ ಹೆಸರೂ ಮುಖಪುಟಕ್ಕೆ ಬಂತು.

2014ರಲ್ಲಿ ಇಬ್ಬರಿಗೂ ಪದ್ಮಭೂಷಣ ಸಂದಿತು. 2015ರ ಡಿಸೆಂಬರಿನಲ್ಲಿ ಸುಸಾನ್, ಮರುತಿಂಗಳೇ ಲಾಯ್ಡ್ ತೀರಿಕೊಂಡರು.

ಮನೆ ಮನೆ ಸುತ್ತಿ ಮಾಹಿತಿ ಕಲೆಹಾಕಿದವರು, ಭಾಷೆ ತಿಳಿಯದವರಿಗೆ ದುಭಾಷಿಯಾದವರು, ಹಳೆಯ ಕಾಗದ ಕಾಪಾಡಿದವರು ಸಾಮಾನ್ಯವಾಗಿ ಕೃತಜ್ಞತೆಯ ಒಂದು ಸಾಲಿನಲ್ಲಿ ಕಳೆದುಹೋಗುತ್ತಾರೆ. ಜ್ಞಾನ ಒಬ್ಬರ ಸ್ವತ್ತಲ್ಲ ಎಂದು ನಾವೆಲ್ಲ ಹೇಳುತ್ತೇವೆ. ಹಾಗಿದ್ದರೆ ಅದರ ಗೌರವವನ್ನೂ ಹಂಚಿಕೊಳ್ಳಬೇಕಲ್ಲವೇ?