ಕತಕಬೀಜದ ಪೂರ್ವೋತ್ತರ

ಮಳೆಗಾಲದ ಹೊಳೆನೀರು ಕೆಂಪಾಗಿ ಕದಡಿ ಬಂದಾಗ, ಚಿಲ್ಲದ ಬೀಜವನ್ನು ಮಣ್ಣಿನ ಕೊಡದ ಒಳಮೈಗೆ ತೇಯ್ದು, ನೀರನ್ನು ತುಂಬಿಟ್ಟು, ಕೆಸರು ತಳಕ್ಕಿಳಿದ ಮೇಲೆ ತಿಳಿಯನ್ನು ಬಗ್ಗಿಸಿಕೊಳ್ಳುವ ಪದ್ಧತಿಯು ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಕತಕವೆಂದು ಸಂಸ್ಕೃತದಲ್ಲಿ ಪ್ರಸಿದ್ಧವಾದ ಈ ಬೀಜವನ್ನು ಸುಶ್ರುತಸಂಹಿತೆಯು ಕಲುಷಜಲವನ್ನು ಪ್ರಸನ್ನಗೊಳಿಸುವ 7 ಸಾಧನಗಳಲ್ಲಿ ಮೊದಲನೆಯದಾಗಿ ಎಣಿಸಿದೆ. ತಾವರೆಯ ಗೆಡ್ಡೆ, ಬಟ್ಟೆಗಳೊಡನೆ ಮುತ್ತು ಗೋಮೇದಕಗಳೂ ಆ ಗಣನೆಯಲ್ಲಿವೆಯಾದರೂ ಬಡವನ ಕೊಡಕ್ಕೆ ಬೀಜವೇ ಗತಿಯಾಗಿದ್ದಿರಬೇಕು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಬಾವಿಗೆ ಹಾಕುವ ಚೂರ್ಣವನ್ನು ವಿಧಿಸುವಾಗ ನೆಲ್ಲಿ, ಲಾವಂಚ, ಕೊನ್ನಾರಿಗಳೊಂದಿಗೆ ಕತಕವನ್ನೂ ಸೇರಿಸಿದನು.

ಕತಕದಂತೆಯೇ ಬೇರೆ ಬೀಜಗಳೂ ಬಳಕೆಯಲ್ಲಿದ್ದವು; ಸೂಡಾನಿನ ಹೆಂಗಸರು ನೈಲ್ ನದಿಯ ರಾಡಿಯನ್ನು ನುಗ್ಗೆಬೀಜದಿಂದ ತಿಳಿಗೊಳಿಸುತ್ತಿದ್ದುದನ್ನು ಸಾಮಿಯಾ ಅಲ್ ಅಝಾರಿಯಾ ಜಾನ್ ಎಂಬ ವಿದುಷಿ 20ನೆಯ ಶತಮಾನದ ಉತ್ತರಾರ್ಧದಲ್ಲಿ ಅಭ್ಯಸಿಸಿದರು. ಆ ಬೀಜದಲ್ಲಿರುವ ಧನವಿದ್ಯುದಂಶದ ಪ್ರೋಟೀನುಗಳು ಋಣವಿದ್ಯುದಂಶವುಳ್ಳ ಮಣ್ಣಿನ ಕಣಗಳನ್ನು ಸೆಳೆದು ಗಂಟುಕಟ್ಟಿಸುತ್ತವೆಂಬುದು ತಿಳಿದುಬಂದ ಮೇಲೆ, ಪಟಿಕದ ಬದಲಿಗೆ ಇಂಥ ಬೀಜಗಳನ್ನೇ ಬಣ್ಣದ ಕಾರ್ಖಾನೆಗಳ ತ್ಯಾಜ್ಯಜಲಕ್ಕೂ ಪ್ರಯೋಗಿಸತೊಡಗಿದರು.

ಕತಕಚೂರ್ಣವು ನೀರನ್ನು ತಿಳಿಮಾಡಿ ತಾನೂ ಅಡಗಿಹೋಗುವಂತೆ ಜ್ಞಾನವು ಅಜ್ಞಾನವನ್ನು ಕಳೆದು ತಾನೂ ಲಯಿಸುವುದೆಂದು ಆತ್ಮಬೋಧವೆಂಬ ವೇದಾಂತಗ್ರಂಥವು ಹೇಳುತ್ತದೆ. ರಸಾಯನಜ್ಞರ ಅನುಭವವಾದರೋ ಅಷ್ಟು ನಿರ್ಮಲವಲ್ಲ, ಏಕೆಂದರೆ ಶೋಧಿಸದ ಹಸಿ ಬೀಜಚೂರ್ಣದ ಸಾವಯವಾಂಶವು ನೀರಿನಲ್ಲಿಯೇ ಉಳಿದು, ಕೊಳೆಯತೊಡಗಿ, ಅದರ ಆಮ್ಲಜನಕವನ್ನು ಹೀರುತ್ತದೆ.