ಲಾವಾ ಕೊಳವೆ ಗುಹೆಗಳು: ಹುಟ್ಟು, ನೆಲೆ ಮತ್ತು ನಮ್ಮ ಗೋದಾವರಿ ತೀರದ ಕಪ್ಪುಕಲ್ಲು

ಗವರ್ನರ್‌ಪೇಟೆಯ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಗುಹೆ ಎಂದೊಡನೆ ಮೊಗಲರಾಜಪುರವೂ ಕೃಷ್ಣೆಯ ಆಚೆ ದಡದ ಉಂಡವಲ್ಲಿಯೂ ನೆನಪಾಗುತ್ತವೆ. ಊರಿನಿಂದ ಬಂದ ನೆಂಟರನ್ನು ವಿಶಾಖಪಟ್ಟಣದ ಮೂಲಕ ಅರಕು ಕಣಿವೆಗೆ ಕರೆದೊಯ್ದವರಿಗೆ ಬೊರ್ರಾ ಗುಹೆಗಳ ಪರಿಚಯವೂ ಉಂಟು. ಇವುಗಳಲ್ಲಿ ಮೊದಲಿನ ಎರಡು ಬಾದಾಮಿಯ ಗುಹಾಲಯಗಳಂತೆ ಮನುಷ್ಯರು ಉಳಿ ಹಿಡಿದು ಕೊರೆದವು. ಬೊರ್ರಾ ಸುಣ್ಣಕಲ್ಲಿನ ಗುಹೆ. ನೀರು ಲಕ್ಷಾಂತರ ವರ್ಷ ಕಲ್ಲನ್ನು ಕರಗಿಸಿ ಮಾಡಿದ ಕೆಲಸ. ಮೂರನೆಯ ಬಗೆಯೊಂದಿದೆ. ಅದನ್ನು ಮಾಡುವುದು ಬೆಂಕಿ, ಅದಕ್ಕೆ ಬೇಕಾಗುವ ಕಾಲವಾದರೋ ಕೆಲವೇ ವಾರಗಳು ಅಥವಾ ವರ್ಷಗಳು. ಅದೇ ಲಾವಾ ಕೊಳವೆ ಗುಹೆ.

ಇಂತಹ ಗುಹೆ ಹುಟ್ಟಬೇಕಾದರೆ ಲಾವಾರಸ ತೆಳುವಾಗಿರಬೇಕು. ಸಿಲಿಕಾ ಅಂಶ ಕಡಿಮೆಯಿರುವ ಬಸಾಲ್ಟ್ ಲಾವಾ ಸುಮಾರು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹೊರಬಂದು ಇಳಿಜಾರಿನಲ್ಲಿ ಹರಿಯುತ್ತದೆ. ಗಾಳಿ ತಾಗಿದ ಮೇಲ್ಮೈ ಬೇಗ ತಣಿದು ಹೆಪ್ಪುಗಟ್ಟುತ್ತದೆ. ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುವುದನ್ನು ನೆನೆದರೆ ಸಾಕು. ಇಲ್ಲಿ ಕೆನೆಯ ಬದಲು ಕಲ್ಲು. ಕೆಲವೆಡೆ ತೆರೆದ ಕಾಲುವೆಯ ಎರಡೂ ದಡಗಳಲ್ಲಿ ಸಿಡಿದ ಲಾವಾ ಪದರ ಪದರವಾಗಿ ಅಂಟಿಕೊಂಡು ಒಳಕ್ಕೆ ಬಾಗಿ, ನಡುವೆ ಸೇರಿ ಚಾವಣಿಯಾಗುತ್ತದೆ. ಇನ್ನು ಕೆಲವೆಡೆ ಹರಿವಿನ ಮುಂಭಾಗದಲ್ಲಿ ಚಿಕ್ಕ ಚಿಕ್ಕ ನಾಲಗೆಗಳು ಚಾಚಿ, ಅವುಗಳ ಮೇಲ್ಪದರ ಗಟ್ಟಿಯಾಗಿ, ಒಳಗಿನ ದಾರಿಗಳು ಒಂದಕ್ಕೊಂದು ಕೂಡಿಕೊಂಡು ದೊಡ್ಡ ಕೊಳವೆಯಾಗುತ್ತವೆ.

ಕಲ್ಲು ಉಷ್ಣವನ್ನು ಸುಲಭವಾಗಿ ಹೊರಬಿಡದು ಎಂಬುದೇ ಇಡೀ ವಿಷಯದ ತಿರುಳು. ಚಾವಣಿ ಮುಚ್ಚಿದ ಮೇಲೆ ಒಳಗೆ ಹರಿಯುವ ಲಾವಾ ಕಿಲೋಮೀಟರಿಗೆ ಸುಮಾರು ಒಂದು ಡಿಗ್ರಿಯಷ್ಟು ಮಾತ್ರ ತಣಿಯುತ್ತದೆ. ಆದುದರಿಂದ ಅದು ಹತ್ತಾರು ಕಿಲೋಮೀಟರು ದೂರವನ್ನು ದ್ರವವಾಗಿಯೇ ಕ್ರಮಿಸಬಲ್ಲುದು. ಜ್ವಾಲಾಮುಖಿಯ ಬಾಯಲ್ಲಿ ಲಾವಾ ನಿಂತಾಗ ಕೊಳವೆಯೊಳಗಿನ ರಸ ಇಳಿಜಾರಿನತ್ತ ಬಸಿದುಹೋಗುತ್ತದೆ. ಉಳಿದ ಟೊಳ್ಳೇ ಗುಹೆ. ರಸ ಬಸಿಯದೆ ಅಲ್ಲಿಯೇ ಹೆಪ್ಪುಗಟ್ಟಿದರೆ ಗುಹೆ ಇಲ್ಲ, ಬರಿಯ ಕಲ್ಲು. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಒಳಹೊಕ್ಕವರಿಗೆ ಗೋಡೆಗಳ ಮೇಲೆ ಅಡ್ಡಗೆರೆಗಳು ಕಾಣುತ್ತವೆ. ಲಾವಾ ಯಾವ ಮಟ್ಟದಲ್ಲಿ ಎಷ್ಟು ಕಾಲ ಹರಿಯಿತೆಂಬುದರ ಗುರುತು ಅವು. ಚಾವಣಿಯಿಂದ ಇಳಿಬಿದ್ದ ಸಣ್ಣ ಕಲ್ಲಿನ ತೊಂಗಲುಗಳು ಬೊರ್ರಾದ ತೊಂಗಲುಗಳನ್ನು ಹೋಲಿದರೂ ನೀರಿನಿಂದಾದವಲ್ಲ, ತೊಟ್ಟಿಕ್ಕುತ್ತಿದ್ದ ಲಾವಾವೇ ಹಾಗೆ ಗಟ್ಟಿಯಾದದ್ದು. ಚಾವಣಿ ಕುಸಿದ ಕಡೆ ಬಾವಿಯಂತಹ ಬೆಳಕಿಂಡಿ ತೆರೆದುಕೊಳ್ಳುತ್ತದೆ. ಒಳಹೋಗುವ ದಾರಿ ಸಾಮಾನ್ಯವಾಗಿ ಇದೇ.

ಲೋಕದಲ್ಲಿ ಈವರೆಗೆ ಅಳೆದ ಅತಿ ಉದ್ದದ ಲಾವಾ ಗುಹೆ ಹವಾಯಿ ದ್ವೀಪದ ಕಿಲವೇಯಾ ಪರ್ವತದ ಕಾಝುಮುರಾ. ಅದರ ಉದ್ದ 65 ಕಿಲೋಮೀಟರಿಗೂ ಹೆಚ್ಚು. ದಕ್ಷಿಣ ಕೊರಿಯಾದ ಜೇಜು ದ್ವೀಪದ ಲಾವಾ ಕೊಳವೆಗಳು 2007ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿನ ಮಾಂಜಾಂಗ್ ಗುಹೆಯೊಳಗಿನ ಲಾವಾ ಕಂಬವೊಂದು 7.6 ಮೀಟರ್ ಎತ್ತರವಿದೆ. ಆಸ್ಟ್ರೇಲಿಯಾದ ಉಂಡಾರಾ, ಐಸ್‌ಲೆಂಡ್, ಕ್ಯಾನರಿ ದ್ವೀಪಗಳು, ಕೀನ್ಯಾ ಮತ್ತು ಕ್ಯಾಲಿಫೋರ್ನಿಯಾಗಳಲ್ಲಿಯೂ ಇವೆ. ಚಂದ್ರನಲ್ಲಿಯೂ ಉಂಟು: 2008ರಲ್ಲಿ ನಮ್ಮದೇ ಶ್ರೀಹರಿಕೋಟಾದಿಂದ ಹೊರಟ ಚಂದ್ರಯಾನ-1ರ ಕ್ಯಾಮೆರಾ ತೆಗೆದ ಚಿತ್ರಗಳಲ್ಲಿ ಕುಸಿಯದೆ ಉಳಿದ ಕೊಳವೆಯೊಂದನ್ನು ಇಸ್ರೋ ವಿಜ್ಞಾನಿಗಳು ಗುರುತಿಸಿದರು. ಮುಂದೊಂದು ದಿನ ಚಂದ್ರನಲ್ಲಿ ತಂಗುವವರಿಗೆ ವಿಕಿರಣದಿಂದಲೂ ಉಲ್ಕೆಗಳಿಂದಲೂ ರಕ್ಷಣೆ ಇಂತಹ ಕಡೆ ಸಿಕ್ಕೀತೆಂಬ ಆಸೆ ಅದಕ್ಕೆ ಕಾರಣ.

ಭೂಮಿಯ ಮೇಲೆ ಇಂದು ಕಾಣುವ ಲಾವಾ ಗುಹೆಗಳಲ್ಲಿ ಬಹುಪಾಲು ಭೂವಿಜ್ಞಾನದ ಲೆಕ್ಕದಲ್ಲಿ ಎಳೆಯವು. ಹಳೆಯವು ಕುಸಿಯುತ್ತವೆ, ಮಣ್ಣು ತುಂಬಿಕೊಳ್ಳುತ್ತವೆ, ಇಲ್ಲವೆ ಹೊಸ ಲಾವಾದಡಿ ಹೂತುಹೋಗುತ್ತವೆ. ನಮ್ಮ ದಖ್ಖಣದ ಲಾವಾ ಸುಮಾರು 6.6 ಕೋಟಿ ವರ್ಷ ಹಳೆಯದು. ಸವೆದು ಉಳಿದದ್ದೇ ಐದು ಲಕ್ಷ ಚದರ ಕಿಲೋಮೀಟರಿನಷ್ಟು. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಕಡೆಯಿಂದ ಬಂದ ನಮ್ಮ ಸದಸ್ಯರು ಅದರ ಮೇಲೆಯೇ ಹುಟ್ಟಿ ಬೆಳೆದವರು. ಗೋಲಗುಮ್ಮಟದ ಕಲ್ಲು ಅದೇ, ಜೋಳ ಬೆಳೆಯುವ ಎರೆಭೂಮಿ ಅದೇ ಕಲ್ಲು ಸವೆದು ಆದದ್ದು. ಮಹಾರಾಷ್ಟ್ರದ ಭಾಗದಲ್ಲಿ ಲಾವಾ ಕೊಳವೆಗಳ ಕುರುಹುಗಳಿವೆಯೆಂದು ಕೆಲವರು ಬರೆದಿದ್ದಾರೆ, ಅವನ್ನು ಬೇರೆ ರೀತಿ ಅರ್ಥೈಸಿದವರೂ ಇದ್ದಾರೆ. ಬೀದರಿನ ಝರಣಿ ನರಸಿಂಹನ ಸನ್ನಿಧಿಗೆ ಎದೆಮಟ್ಟದ ನೀರಿನಲ್ಲಿ ನಡೆದುಹೋಗುವ ಸುರಂಗವನ್ನು ಲಾವಾ ಕೊಳವೆಯೆಂದು ಭಾವಿಸಲಾಗದು. ಅದು ಲಾವಾದ ಮೇಲಣ ಕೆಂಪು ಮುರಕಲ್ಲಿನಲ್ಲಿದೆ. ಮಲ್ಪೆಯ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಲಾವಾವೇ ಆದರೂ ಸಿಲಿಕಾ ಹೆಚ್ಚಿರುವ ಅಂಟುಲಾವಾ. ಕೊಳವೆ ಕಟ್ಟುವ ಗುಣ ಅದಕ್ಕಿಲ್ಲ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಮಾತ್ರ ಒಂದು ದೂರದ ಬಂಧುತ್ವ ಕಾಣುತ್ತದೆ. ಅಲ್ಲಿ ನೀರಿನಡಿಯಲ್ಲಿ ಉಕ್ಕಿದ ಲಾವಾ ಹೊರಗೆ ಸಿಪ್ಪೆ ಕಟ್ಟಿ, ಒಳಗಿನ ರಸ ಅದನ್ನು ಒಡೆದು ಮತ್ತೆ ಚಾಚಿ, ದಿಂಬುಗಳನ್ನು ಒಟ್ಟಿದಂತೆ ನಿಂತಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ.

ಹಾಗಾದರೆ ವಿಜಯವಾಡದವರಿಗೆ ಹತ್ತಿರದ ಲಾವಾ ಎಲ್ಲಿದೆ? ಸುಮಾರು 150 ಕಿಲೋಮೀಟರ್ ದೂರದಲ್ಲಿ, ಗೋದಾವರಿಯ ಎರಡೂ ದಡಗಳಲ್ಲಿ. ರಾಜಮಂಡ್ರಿಯ ಪಕ್ಕದ ಕಾತೇರು, ಪಶ್ಚಿಮ ದಡದ ಪಂಗಿಡಿ, ಗೌರಿಪಟ್ನಂ, ದುದ್ದುಕೂರುಗಳಲ್ಲಿ ಬಸಾಲ್ಟ್ ನೆಲಕ್ಕೆ ಬಂದಿದೆ. ದಖ್ಖಣದ ಮುಖ್ಯ ಲಾವಾಭೂಮಿಯಿಂದ ನೂರಾರು ಕಿಲೋಮೀಟರ್ ಬೇರ್ಪಟ್ಟ ಈ ತುಂಡು ಇಲ್ಲಿಗೆ ಹೇಗೆ ಬಂತೆಂಬುದು ಬಹುಕಾಲದ ಪ್ರಶ್ನೆ. ಇಲ್ಲಿನ ಕಲ್ಲಿನ ರಾಸಾಯನಿಕ ಗುಣ ಪಶ್ಚಿಮ ಘಟ್ಟದ ಮಹಾಬಲೇಶ್ವರದ ಸುತ್ತಲಿನ ಲಾವಾ ಪದರಗಳಿಗೆ ಹೊಂದುತ್ತದೆ. ಇದರ ಆಧಾರದಿಂದ, ಘಟ್ಟದ ಕಡೆಯ ಲಾವಾ ಅಂದಿನ ನದಿಕಣಿವೆಗಳನ್ನು ಹಿಡಿದು ಸಾವಿರ ಕಿಲೋಮೀಟರಿನಷ್ಟು ಹರಿದು ಆಗಿನ ಕಡಲಂಚನ್ನು ಮುಟ್ಟಿತೆಂದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ವಾದಿಸಿತು. ಅದು ನಿಜವಾದರೆ ಭೂಮಿಯ ಮೇಲೆ ತಿಳಿದಿರುವ ಅತಿ ಉದ್ದದ ಲಾವಾ ಹರಿವುಗಳಲ್ಲಿ ಇದೂ ಒಂದು. ಮಹಾಬಲೇಶ್ವರದಲ್ಲಿ ಹುಟ್ಟಿ ಕರ್ನಾಟಕವನ್ನು ಹಾದು ನಮ್ಮ ಬ್ಯಾರೇಜಿಗೆ ಬರುವ ಕೃಷ್ಣೆಯನ್ನು ದಿನವೂ ನೋಡುವ ನಮಗೆ ಈ ಪಯಣ ಅಷ್ಟೇನೂ ಅಪರಿಚಿತವೆನಿಸದು.

ಅಷ್ಟು ದೂರ ತಣಿಯದೆ ಬರಲು ತೆರೆದ ಬಯಲಿನಲ್ಲಿ ಸಾಧ್ಯವಿಲ್ಲ. ತಾನೇ ಕಟ್ಟಿದ ಕಲ್ಲಿನ ಹೊದಿಕೆಯ ಕೆಳಗೆ ಅದು ಹರಿದಿರಬೇಕು, ಲಾವಾ ಗುಹೆಗಳನ್ನು ಮಾಡುವ ತತ್ವವೇ ಇಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಆದರೆ ಇಲ್ಲಿ ರಸ ಬಸಿದುಹೋಗಲಿಲ್ಲ, ಒಳಗೇ ಹೆಪ್ಪುಗಟ್ಟಿತು. ಆದುದರಿಂದ ನಡೆದಾಡುವ ಗುಹೆ ರಾಜಮಂಡ್ರಿಯಲ್ಲಿಲ್ಲ.

ಮೇಲಿನ ಮತ್ತು ಕೆಳಗಿನ ಲಾವಾ ಪದರಗಳ ನಡುವೆ ಕಡಲಂಚಿನ ಜೀವಿಗಳ ಪಳೆಯುಳಿಕೆಗಳಿರುವ ತೆಳು ಪದರವೊಂದಿದೆ. ಡೈನೊಸಾರ್‌ಗಳು ಅಳಿದ ಕಾಲಕ್ಕೂ ಈ ಲಾವಾಕ್ಕೂ ಇರುವ ಸಂಬಂಧವನ್ನು ಅರಸುವವರು ದೇಶವಿದೇಶಗಳಿಂದ ಇಲ್ಲಿಗೆ ಬಂದದ್ದು ಆ ಪದರಕ್ಕಾಗಿಯೇ. ಅದು ಕಣ್ಣಿಗೆ ಬಿದ್ದದ್ದು ಕಲ್ಲುಗಣಿಗಳ ದೆಸೆಯಿಂದ ಎಂಬುದನ್ನು ಒಪ್ಪಬೇಕು. ಅದೇ ಗಣಿಗಳು ಅದನ್ನು ಜಲ್ಲಿಯಾಗಿಸಿ ಲಾರಿಗೆ ತುಂಬಿಸುತ್ತಿರುವುದೂ ನಿಜ. ಇಂದು ಕಾಣುವ ಗೋಡೆ ಮುಂದಿನ ಬಾರಿ ಅಲ್ಲಿಯೇ ಇರುತ್ತದೆಂಬ ಭರವಸೆಯಿಲ್ಲ. ಮಕ್ಕಳೊಡನೆ ರಾಜಮಂಡ್ರಿಗೆ ಹೋಗುವವರು ಕೊವ್ವೂರಿನ ಕಡೆಯಿಂದ ಪಂಗಿಡಿಗೆ ಹೋಗಿ, ಗಣಿಯವರ ಅನುಮತಿ ಪಡೆದು, ಅಂಚಿನಿಂದ ದೂರವೇ ನಿಂತು ನೋಡಬಹುದು. ಮೇಲೆ ಕಪ್ಪು, ಕೆಳಗೆ ಕಪ್ಪು, ನಡುವೆ ತಿಳಿಬಣ್ಣದ ಪಟ್ಟಿ ಇದ್ದರೆ, ನೀವು ಹುಡುಕಿ ಬಂದದ್ದು ಅದೇ.